ಉಡಿ ತುಂಬುವ ಕೈ

ಉಡಿ ತುಂಬುವ ತಾಟನ್ನು ಶಿವಕಾಂತಾ ಕೈಗೆತ್ತಿಕೊಳ್ಳುತ್ತಿದ್ದಂತೆಯೇ ಬೀಗರ ಕಡೆಯ ಮುದುಕಿ, "ತಡೀರಿ," ಎಂದಳು.

ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಹಸಿರು ಖಣ ಎಲ್ಲ ಇದ್ದ ತಾಟು. ಶಿವಕಾಂತಾ ಬೆಳಿಗ್ಗೆಯಿಂದ ಅದನ್ನು ಎರಡು ಸಲ ತೆಗೆದು ಮತ್ತೆ ಜೋಡಿಸಿದ್ದಳು. ಮಣೆಯ ಮೇಲೆ ಕೂತ ಮದುಮಗಳು ಮಹಾನಂದಾ ಸೆರಗೊಡ್ಡಿದವಳು ಹಾಗೆಯೇ ಉಳಿದಳು. ಅರಿಶಿನದ ಸ್ನಾನ ಮಾಡಿ ಬಂದ ಅವಳ ತಲೆ ಇನ್ನೂ ಆರಿರಲಿಲ್ಲ.

"ಯಾಕ್ರಿ ಯವ್ವಾ?" ಎಂದ ಮದುಮಗಳ ತಂದೆ ದೌಲತರಾಯ. "ನನ್ನ ಖಾಸಾ ತಂಗಿ ಆಕಿ. ತಾಯಿ ಇಲ್ಲದ ಹುಡುಗಿಗಿ ಸೋದರತ್ತಿ ಬಿಟ್ರ ಮತ್ತ್ಯಾರದಾರ?"

"ಅದು ಗೊತ್ತದರಿ ಬೀಗ್ರ," ಎಂದಳು ಸುಭದ್ರಾಬಾಯಿ. ಯಡ್ರಾಮಿಯಿಂದ ಬಂದ ಈಕೆ ಮದುಮಗನ ಅಜ್ಜಿ. ಆ ಮನೆತನದಲ್ಲಿ ಅವಳ ಮಾತಿಗೆ ಎದುರಿಲ್ಲ. "ಪ್ರತಿ ಶುಕ್ರವಾರ ಟಿ.ವಿ.ಯಾಗ ನೋಡ್ತೇನಿ ನಾ. ಸೊಸಿಗಿ ಒಂದ್ ತುತ್ತು ಸಮಾಧಾನದಿಂದ ಉಣ್ಣಗೊಡಂಗಿಲ್ಲ ಈಕಿ. ಆ ಕೈಲಿ ನಮ್ಮ ಹುಡುಗಿ ಉಡಿ ತುಂಬಸಬ್ಯಾಡ್ರಿ."

ಹಂದರದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಳೆ ಇಡಲು ಬಂದಿದ್ದ ಕುಲಸುಮಬಿ ನಗಲಿಲ್ಲ. ಆಕೆ ಅಫಜಲಪುರದ ಇದೇ ಓಣಿಯಲ್ಲಿ ಶಿವಕಾಂತಾಳ ಜೊತೆ ಆಡಿ ಬೆಳೆದವಳು.

"ಅದು ನಾಟಕ ಅದರಿ ಅಮ್ಮಾ. ಟಿ.ವಿ.ಯಾಗ ಈಕಿ ಗಂಡ ಸತ್ತು ಯಾವ ಕಾಲಾತು! ಖರೇ ಗಂಡ ನೋಡ್ರಿ, ಅಲ್ಲಿ ಕುಂತು ಅಡಕಿ ಕತ್ತರಸಾಕತ್ಯಾನ."

ಹಾರ್ಮೋನಿಯಂ ಮಾಸ್ತರ ಮಲ್ಲಣ್ಣ ಅಡಕೊತ್ತು ಹಿಡಿದ ಕೈಯನ್ನು ಮೇಲೆತ್ತಿ, ತಾನಿನ್ನೂ ಬದುಕಿರುವುದನ್ನು ಸಭೆಗೆ ತೋರಿಸಿದ. ಮುದುಕಿಯೊಬ್ಬಳನ್ನು ಬಿಟ್ಟು ಎಲ್ಲರೂ ನಕ್ಕರು.

ಶಿವಕಾಂತಾಳಿಗೆ ಸಿಟ್ಟು ಬರಲಿಲ್ಲ, ತಾಟನ್ನು ಇನ್ನಷ್ಟು ಹತ್ತಿರಕ್ಕೆ ಹಿಡಿದುಕೊಂಡಳು. ಹದಿನೇಳರ ಹರೆಯದಲ್ಲಿ ನಾಟಕ ಕಂಪನಿಯ ಜೊತೆ ಹೊರಟುಹೋದವಳಿಗೆ ಅಪ್ಪ ಈ ಮನೆಯ ಬಾಗಿಲು ಮುಚ್ಚಿದ್ದ. ಕಂಪನಿ ಮುಳುಗಿತು. ಸಿನಿಮಾದಲ್ಲಿ ನಾಯಕನ ತಂಗಿಯಾದಳು, ತಲೆ ನರೆಯುವ ಮುಂಚೆಯೇ ಅದೇ ನಾಯಕನ ತಾಯಿಯಾದಳು, ಈಗ ಟಿ.ವಿ. ಬಂದು ನಾಡಿಗೆಲ್ಲ ಕೆಟ್ಟ ಅತ್ತೆಯಾಗಿದ್ದಳು. ಅಷ್ಟೂ ಕಾಲ ತೊಟ್ಟಿಲಿಗಾಗಲಿ ಮದುವೆಗಾಗಲಿ ಈ ಮನೆಯಿಂದ ಕರೆ ಬರಲಿಲ್ಲ. ಕ್ಯಾಮೆರಾದ ಮುಂದೆ ಎಷ್ಟೋ ಮದುಮಕ್ಕಳ ಉಡಿ ತುಂಬಿದ್ದಳು. ಶಾಟ್ ಮುಗಿದ ಮೇಲೆ ಆ ಅಕ್ಕಿ ಮತ್ತೆ ಚೀಲಕ್ಕೆ ಹೋಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ತಾನೇ ಬೆಂಗಳೂರಿಗೆ ಬಂದು, "ಮಹಾನಂದಾನ ಉಡಿ ನೀನೇ ತುಂಬಬೇಕು," ಎಂದಾಗ ಆಕೆ ಚಿಕ್ಕ ಹುಡುಗಿಯಂತೆ ಅತ್ತಿದ್ದಳು.

ದೌಲತರಾಯನ ಮುಖ ಕೆಂಪೇರಿತ್ತು. ಇನ್ನೊಂದು ಮಾತು ಬಂದರೆ ಮದುವೆಯ ಮನೆ ರಣರಂಗವಾಗುತ್ತದೆಂದು ಶಿವಕಾಂತಾಳಿಗೆ ತಿಳಿಯಿತು. ತಾಟನ್ನು ಮೆಲ್ಲಗೆ ಕೆಳಗಿಟ್ಟಳು.

"ಬಿಡೋ ಅಣ್ಣಾ. ಬ್ಯಾರೆ ಯಾರರ ತುಂಬಲಿ."

ಗೆದ್ದ ಸುಭದ್ರಾಬಾಯಿಗೆ ಗೆದ್ದ ಖುಷಿಯೇನೂ ಇದ್ದಂತಿರಲಿಲ್ಲ. ಕಂಬಕ್ಕೊರಗಿ ಕೂತವಳು ದನಿ ತಗ್ಗಿಸಿ ಕೇಳಿದಳು.

"ಒಂದು ಹೇಳಬೇ. ಹೋದ ವಾರ ಆ ಸೊಸಿಗಿ ಮಳಿಯಾಗ ಹೊರಗ ಹಾಕಿದಿ. ಮುಂದಿನ ವಾರ ಒಳಗ ಕರ್ಕೋತಿಯೋ ಇಲ್ಲೋ?"

ಹೂಂ ಎಂದಿದ್ದರೆ ಸಾಕಿತ್ತು. ಕುಲಸುಮಬಿ ಕಣ್ಣಿನಲ್ಲೇ 'ಹೂಂ ಅನ್ನು' ಎಂದು ಗದರಿಸಿದಳು. ಇಷ್ಟು ವರ್ಷದ ಕಸುಬು. ಮುದುಕಿ ಕರಗಿ ನೀರಾಗುವಂತೆ ಹೂಂ ಅನ್ನುವುದು ಶಿವಕಾಂತಾಳಿಗೆ ಕಷ್ಟವೇ ಅಲ್ಲ. ಆದರೆ ಮುಂದಿನ ಶುಕ್ರವಾರ ಇದೇ ಮುದುಕಿಯ ಮಗ್ಗುಲಲ್ಲಿ ಕೂತು ಟಿ.ವಿ. ನೋಡುವವಳು ಮಹಾನಂದಾ. ಸುಳ್ಳು ಬಯಲಾದರೆ ಮಾತು ಕೇಳಬೇಕಾದವಳೂ ಅವಳೇ.

"ಇಲ್ಲರಿ," ಎಂದಳು. "ಅದರ ಶೂಟಿಂಗ್ ಆಗಲೇ ಆಗ್ಯಾದ. ಬಾಗಲಾ ನಾನೇ ಹಾಕ್ತೇನಿ. ಆ ಹುಡುಗಿ ಹೊಸ್ತಿಲದಾಗೇ ಸಾಯ್ತಾಳ."

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯ ಶಿವನೇ! ಬಾಗಲಾ ಹಾಕಿ ಏನ್ ಮಾಡ್ದಿ?"

"ಏನಿಲ್ಲರಿ. ಅವರು ಕಟ್ ಅಂದ್ರು. ಅಲ್ಲಿಗಿ ಮುಗೀತು."

"ಮುಗದ ಮ್ಯಾಲ?"

ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಪತ್ರಿಕೆಯವರು ಕೂಡ.

"ಮಳಿ ಅಂದ್ರ ಪೈಪಿನ ನೀರರಿ ಅದು. ಹುಡುಗಿ ಥಂಡಿಗಿ ಗಡಗಡ ನಡಗಾಕತ್ತಿತ್ತು. ಟಾವೆಲ್ ತರವ್ರು ಎಲ್ಲಿ ಹೋಗಿದ್ರೋ ಏನೋ. ಬಾಗಲಾ ತೆಗದು ಹೋಗಿ ನನ್ನ ಸೆರಗಲೇ ತಲಿ ಒರಸಿ, ಬಿಸಿ ಚಹಾ ಕುಡಸಿದೆ. ನಡಗೋದು ನಿಂದ್ರೋತನ ಬಾಜೂಕ ಕುಂತಿದ್ದೆ."

"ಅದನ್ನ ತೋರಸ್ತಾರೇನು?"

"ಇಲ್ಲರಿ."

"ಯಾಕ ತೋರಸಂಗಿಲ್ಲ?"

"ಅದು ಕತಿಯಾಗ ಇಲ್ಲರಿ," ಎಂದಳು ಶಿವಕಾಂತಾ.

ಸುಭದ್ರಾಬಾಯಿ ಚಹಾ ಕುಡಿಸಿದ ಆಕೆಯ ಕೈಗಳನ್ನೇ ನೋಡಿದಳು. ಆಮೇಲೆ, ತಡವಾದದ್ದಕ್ಕೆಲ್ಲ ಶಿವಕಾಂತಾಳೇ ಕಾರಣವೆಂಬಂತೆ ಗದರಿದಳು. "ಎಷ್ಟೊತ್ತು ನಿಂದ್ರತಿಬೇ? ಹುಡುಗಿ ಆಗಿಂದ ಸೆರಗೊಡ್ಡಿ ಕುಂತಾಳ. ತಾಟ ತಗೋ." ಸ್ವಲ್ಪ ತಡೆದು ಸೇರಿಸಿದಳು, "ಮುಂದಿನ ವಾರ ನಮ್ಮ ಮನ್ಯಾಗ ಟಿ.ವಿ. ಹಚ್ಚಂಗಿಲ್ಲ."

ಅಕ್ಕಿ ಬೊಗಸೆ ಬೊಗಸೆಯಾಗಿ ಮಹಾನಂದಾಳ ಸೆರಗಿಗೆ ಬಿತ್ತು. ಒಂದಿಷ್ಟು ಕಾಳು ಮಣೆಯ ಮೇಲೆ ಚೆಲ್ಲಿದವು. ಹುಡುಗಿಯ ಕೂದಲಿನಿಂದ ನೀರು ಹಣೆಗೆ ಇಳಿಯುತ್ತಿತ್ತು. ಶಿವಕಾಂತಾ ಖಾಲಿ ತಾಟನ್ನು ಬದಿಗಿಟ್ಟು, ಕೆಳಗೆ ಕೂತು, ತನ್ನ ರೇಷ್ಮೆ ಸೀರೆಯ ಸೆರಗಿನಿಂದ ಅವಳ ತಲೆ ಒರೆಸತೊಡಗಿದಳು.

ಸುಭದ್ರಾಬಾಯಿ ಚಸ್ಮಾ ಸರಿಮಾಡಿಕೊಂಡು, ಅಡ್ಡ ಬಂದವರನ್ನು ಅತ್ತ ಸರಿಸಿ, ನೋಡುತ್ತ ಕೂತಳು.