ಟಿಕ್ ಹಾಕಿದ ಮೂರು ಹೆಸರು

ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊರಗೆ ಬಿಡುವುದಿಲ್ಲ. ತವರಿಗೆ ಹೇಳಬಹುದು, ಅಷ್ಟೇ. ನನ್ನ ಸೊಸೆ ಸುಷ್ಮಿತಾ ಬಸುರಾದದ್ದು ಮದುವೆಯಾಗಿ ಆರು ವರ್ಷಕ್ಕೆ. ಹಾಗಾಗಿ ಅವಳಿಗೆ ಭಯ ಜಾಸ್ತಿ. ಸ್ಕ್ಯಾನಿಂಗ್ ಫೋಟೋವನ್ನು ಸಂಪಿಗೆ ಊರಿನಲ್ಲಿರುವ ತಾಯಿ ಮೀನಾಕ್ಷಮ್ಮ, ತಂಗಿ, ಚಿಕ್ಕಮ್ಮ ಬಿಟ್ಟು ಯಾರೂ ನೋಡಬಾರದು ಎಂದಳು.

"ಕಳ್ಸಿದ್ರೆ ಅವ್ರ ಫೋನಲ್ಲಿ ಉಳ್ಕತದೆ, ಯಾರ್ ಕೈಗಾದ್ರೂ ಸಿಕ್ತದೆ. ಸ್ಟೇಟಸ್ ಹಾಕಾಣ, ಒಂದ್ ದಿನಕ್ಕೆ ಅಳಿಸೋಯ್ತದೆ. ಪ್ರೈವೆಸಿ ಅಂತ ಒಂದೈತೆ ಕಣೇ" ಎಂದು ನನ್ನ ಮಗ ಕಲ್ಲೇಶ ತನ್ನ ಫೋನಿನಲ್ಲಿ ಆ ಮೂರು ಹೆಸರಿಗೆ ಟಿಕ್ ಹಾಕಿದ. ಯಾರಿಗೆ ಕಾಣಬಾರದು ಎಂದು ಅದು ಕೇಳುತ್ತಿತ್ತಂತೆ. ಇವನು ಓದಿದ್ದು ಹೆಸರುಗಳನ್ನು, ಮೇಲಿನ ಸಾಲನ್ನಲ್ಲ. ಹಾಕಿದ್ದನ್ನು ತಿರುಗಿ ನೋಡುವ ಅಭ್ಯಾಸವೂ ಅವನಿಗಿಲ್ಲ.

ಊರಿಗೆ ಊರೇ ನೋಡಿತು. ಯಾರೂ ತುಟಿ ಬಿಚ್ಚಲಿಲ್ಲ. ಪಕ್ಕದ ಮನೆಯ ಭೂತಮ್ಮ, "ಸುಮ್ನೆ ಬಿದ್ದಿತ್ತು" ಎಂದು ಮಾವಿನಕಾಯಿ ತಂದಿಟ್ಟಳು. ತೆಂಗಿನಕಾಯಿ ಸುಲಿಯಲು ಬಂದ ಹುಚ್ಚಣ್ಣ ಸೊಸೆಯ ಕೈಯಿಂದ ಕಾಯಿ ತುಂಬಿದ ಮಂಕರಿ ಕಿತ್ತುಕೊಂಡ. "ನೀನ್ ಬುಡವ್ವ, ಇವತ್ಯಾಕೋ ನಂಗೇ ಎತ್ತಾಣ ಅನ್ನುಸ್ತೈತೆ." ದಬ್ಬೇಘಟ್ಟದ ಬಸ್ಸಿನಲ್ಲಿ ಕಂಡಕ್ಟರು ಮುಂದಿನ ಸೀಟಿನವನನ್ನೇ ಎಬ್ಬಿಸಿ ಅವಳನ್ನು ಕೂರಿಸಿದ.

"ನೋಡಿ ಮಾವ, ಒಬ್ರಿಗೂ ಗೊತ್ತಾಗಿಲ್ಲ" ಎಂದಳು ಸೊಸೆ. ನಾನು ಹೂಂ ಎಂದೆ.

ಅವಳಿಗೆ ತಾಯಿಯದೇ ಚಿಂತೆಯಾಯಿತು. ಫೋನ್ ಮಾಡಿದರೆ ಆಕೆ ಆಡುವುದು ಎಮ್ಮೆ ವಿಷಯ, ಮಳೆ ವಿಷಯ. ಅಮ್ಮನೇ ಮೊದಲು ಕೇಳಲಿ ಎಂದು ಇವಳೂ ಬಾಯಿ ಬಿಡಲಿಲ್ಲ. "ಫೋಟೋ ನೋಡಿದ್ರೂ ಸುಮ್ಕವ್ಳೆ. ಮೊಮ್ಮಗು ಬ್ಯಾಡ ಅಂತ ಕಾಣ್ತದೆ" ಎಂದು ಕೊನೆಗೆ ತಾಯಿಯ ಫೋನ್ ಎತ್ತುವುದನ್ನೇ ಬಿಟ್ಟಳು. ಊಟವೂ ಸೇರದು.

ಆಮೇಲೊಂದು ದಿನ ಬೀಗತಿ ಮೀನಾಕ್ಷಮ್ಮನವರೇ ಬಂದರು. ಒಳಗೆ ಬರದೆ ಜಗಲಿಯಲ್ಲೇ ಕುಳಿತರು. ತುರುವೇಕೆರೆಯಲ್ಲಿ ಎಳನೀರಿನವನು, "ಮಗಳನ್ನ ಹುಷಾರಾಗಿ ನೋಡ್ಕಳ್ರವ್ವ" ಎಂದಿದ್ದನಂತೆ.

"ನನ್ ಮಗಳ ಸುದ್ದಿ ನಂಗೆ ಎಳ್ನೀರ್ ಕೊಚ್ಚೋನು ಹೇಳ್ಬೇಕೇನ್ರೀ, ಅಳಿಯಂದ್ರೇ?"

ಕಲ್ಲೇಶ ಫೋನಿನಲ್ಲಿ ಆ ಮೂರು ಟಿಕ್ ತೋರಿಸಲು ಹೋಗಿ, ಮೇಲಿನ ಸಾಲನ್ನು ಈಗ ಓದಿದ. "ಅತ್ತೆ, ನಿಮ್ಮೂವರ್ನ ಬುಟ್ಟು ಎಲ್ಲಾರ್ಗೂ ಹೋಗೈತೆ."

"ಮತ್ತೆ ಊರಲ್ಲಿ ಯಾರೂ ಒಂದ್ ಮಾತಾಡ್ಲಿಲ್ವಲ್ಲ?" ಎಂದಳು ಸುಷ್ಮಿತಾ.

"ಆಡ್ತಾರೇನವ್ವ, ಇನ್ನೂ ಮೂರ್ ತಿಂಗ್ಳು ತುಂಬಿಲ್ಲ" ಎಂದೆ.

ಬೀಗತಿ ಜಗಲಿಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಆಮೇಲೆ, "ಎಳ್ನೀರೋನು ಅದೇನಂದ್ನೋ, ನಂಗ್ ಸರಿಯಾಗಿ ಕೇಳುಸ್ಲಿಲ್ಲ. ಬಾರೇ ಇಲ್ಲಿ. ಏನ್ ಸಮಾಚಾರ, ನೀನೇ ಹೇಳು" ಎಂದರು.

ಸುಷ್ಮಿತಾ ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಹೇಳಿದಳು. "ಹೌದಾ" ಎಂದು ಬೀಗತಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ನಾನೂ ಕಲ್ಲೇಶನೂ ಏನೂ ಕೇಳಿಸದವರ ಹಾಗೆ ಅಂಗಳಕ್ಕೆ ಇಳಿದೆವು.