ಎಮ್ಮೆಗೆ ಮುಟ್ಟಿದ ಸುಳ್ಳು ಸುದ್ದಿ

ನಾನು ಕಾನಹೊಸಹಳ್ಳಿಯಲ್ಲಿ ಕೆಮ್ಮಿದರೆ ಹರಪನಹಳ್ಳಿಯಲ್ಲಿ ಎಮ್ಮೆಗಳು ಈಯುತ್ತವೆ. ಸೀನಿದರೆ ಅವಳಿ. ಕುಂಟುವ ದನದ ಮೇಲೆ ಒಮ್ಮೆ ಕೈಯಾಡಿಸಿದರಂತೂ ಅದು ಕೂಡ್ಲಿಗಿ ಬಸ್ಸನ್ನು ಹಿಂದೆ ಹಾಕುತ್ತದೆ. ಬೇಕಾದರೆ ಪಕ್ಕದ ಮನೆಯ ಓಬಮ್ಮನನ್ನು ಕೇಳಿ. ಕಾಲು ಬಾತು ನಿಂತಲ್ಲೇ ನಿಂತಿದ್ದ ಅವಳ ಗಬ್ಬದ ಎಮ್ಮೆ, ನಾನು ಕೈಯಾಡಿಸಿದ ಮರುದಿನವೇ ಕೆರೆಗೆ ನಡೆದುಹೋಯಿತು. ಊರಿಗೆ ಊರೇ ನನ್ನ ಕೈ ನೋಡಲು ಬಂತು.

ಅದರ ಮಾರನೆಯ ಬೆಳಿಗ್ಗೆ ಓಬಮ್ಮ ಬಾಗಿಲು ಬಡಿದಳು.

"ಮಂಜಣ್ಣ, ಎಮ್ಮಿ ತಿಣುಕಾಕ ಹತ್ತೈತಿ! ಇನ್ನಾ ತಿಂಗಳ ಮ್ಯಾಲ ಐತಲ್ಲೋ!"

ಎಮ್ಮೆ ಮಲಗುತ್ತಿತ್ತು, ಏಳುತ್ತಿತ್ತು, ಬಾಲವೆತ್ತಿ ಗೂಟ ಸುತ್ತುತ್ತಿತ್ತು. ನಾನೂ ಸುತ್ತಿದೆ. ಯಾರದೋ ದೃಷ್ಟಿ ಎಂದೆ, ಕೋಗಳಿ ಕಡೆಯ ಗಾಳಿ ಎಂದೆ. ಎಸ್‌ಟಿಡಿ ಬೂತಿನಿಂದ ಫೋನು ಹೋಗಿ ದನದ ಡಾಕ್ಟರು ಶಿವಶಂಕರ ಬಂದಿಳಿಯುವಷ್ಟರಲ್ಲಿ ಕರು ಹೊರಬಿದ್ದಿತ್ತು. ಮೊಲದಷ್ಟು ಕರು. ಉಸಿರಿತ್ತು.

ಓಬಮ್ಮ ಒರೆಸಲು ಬಾಗಿದಳು.

"ಮುಟ್ಟಬ್ಯಾಡ್ರಿ!" ಡಾಕ್ಟರು ಕೂಗಿದರು. "ದಿನ ತುಂಬೋ ಮೊದ್ಲ ಕಂದು ಹಾಕೋ ರೋಗ ಇದ್ರ ನಿಮಗೂ ಅಂಟತೈತಿ. ಏನಾರ ಔಷಧಿ ಕೊಟ್ಟಿದ್ರೇನು?"

"ಇಲ್ರಿ. ಮಂಜಣ್ಣ ಬರೇ ಕೈಯಾಡಿಸಿದ."

"ಬರೇ ಕೈ," ಎಂದೆ. "ನನ್ನ ಕೈ ಅಂದ್ರ..."

ಕರು ತಲೆಯೆತ್ತಿತು, ಹಾಗೇ ಕೆಳಗಿಟ್ಟಿತು. ಓಬಮ್ಮ ಕೂತಳು, ಎದ್ದಳು, ಮತ್ತೆ ಕೂತಳು.

ಡಾಕ್ಟರು ಎಮ್ಮೆಯ ಕುತ್ತಿಗೆ ಸವರಿ ನನ್ನತ್ತ ತಿರುಗಿದರು. "ಕೈಯಾಡಿಸಿದ್ರ ಸೂಜಿ ಗಂಟು ಬೀಳತೈತೇನಪ್ಪಾ?"

ನಾನು ಎಮ್ಮೆಯನ್ನೇ ನೋಡಿದೆ.

"ಹೊಟ್ಟ್ಯಾಗಿನ ಕರು ಬಲತಮ್ಯಾಲ ತಾಯಿಗೆ ತಾನೇ ಸುದ್ದಿ ಕಳಿಸತೈತಿ, ಹಾರ್ಮೋನಿನ ಸುದ್ದಿ, ಇನ್ನ ಬರ್ತೀನಿ ಅಂತ. ಬಾವು ಇಳಿಸೋ ಸ್ಟಿರಾಯ್ಡ್ ಸೂಜಿನೂ ಅದನ್ನ ಹೇಳತೈತಿ, ಆದ್ರ ಸುಳ್ಳ. ಎಮ್ಮಿ ನಂಬಿಬಿಡತೈತಿ. ಸೂಜಿ ಅಂದ್ರ ಕರು ಉಳಿಸೋಣು. ರೋಗ ಅಂದ್ರ ಯಾರೂ ಮುಟ್ಟಂಗಿಲ್ಲ. ಲಗೂನ ಹೇಳು!"

ಹತ್ತು ಸುಳ್ಳು ನಾಲಿಗೆಯ ತುದಿಗೆ ಬಂದವು. ಕರುವಿನ ಪಕ್ಕೆ ಒಮ್ಮೆ ಏರಿತು. ಇಳಿದದ್ದು ಮತ್ತೆ ಏರಲು ಬಹಳ ಹೊತ್ತು ಹಿಡಿಯಿತು.

"ಸೂಜಿನ ರೀ," ಎಂದೆ. "ನಮ್ಮೂರ ನಾಗಪ್ಪನ ಎತ್ತಿನ ಕಾಲು ಬಾತಾಗ ನೀವು ಹಾಕಿ ಉಳಿದಿತ್ತಲ್ಲ, ಆ ಸೀಸೆ. ಎತ್ತು ಎದ್ದಿತ್ತು, ಎಮ್ಮಿನೂ ಏಳತೈತಿ ಅಂತ... ಓಬಮ್ಮ ಹುಲ್ಲಿಗೆ ಹೋದಾಗ ಹಾಕಿದೆ. ಕೈಯಾಡಿಸಿದ್ದು ಆಮ್ಯಾಲ, ಮಂದಿ ನೋಡ್ಲಿ ಅಂತ."

"ಒರೆಸ್ರವ್ವ," ಎಂದರು ಡಾಕ್ಟರು.

ಅವರು ಹೇಳುವ ಮೊದಲೇ ಓಬಮ್ಮ ಕರುವನ್ನು ಮಡಿಲಿಗೆ ಎಳೆದುಕೊಂಡಿದ್ದಳು. ನನ್ನ ಮುಖ ನೋಡದೆಯೇ ಕೂಗಿದಳು.

"ನಿಂತು ನೋಡ್ತಿಯಲ್ಲೋ ಮೂಳ, ಒಣಗಿದ ಗೋಣಿಚೀಲ ತಗಂಬಾರಲೇ!"