ಇಪ್ಪತ್ತು ನಿಮಿಷದ ಊಟ

ನನ್ನ ಕೆಲಸ ಬಿಸ್ಕತ್ತು ಅಗಿದು ಉಗುಳುವುದು. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮೈಯತ್ತ ಒಮ್ಮೆ ನೋಡಿ ನಗು ನಿಲ್ಲಿಸುತ್ತಾರೆ. "ಎಲ್ಲಾ ಉಗುಳ್ತೀನಿ ಅಂತೀಯ, ಮತ್ತೆ ಇದೆಲ್ಲ ಎಲ್ಲಿಂದ ಬಂತೇ?" ಎಂದು ಬಾಯಿಬಿಟ್ಟು ಕೇಳಿದವಳು ನನ್ನ ಅಕ್ಕ ಒಬ್ಬಳೇ. ಹಗಲೆಲ್ಲ ಉಗುಳಿದ ಬಾಯಿಗೆ ಸಂಜೆ ನುಂಗುವುದೇ ಒಂದು ಸುಖ. ಬೀಗ ತೆಗೆದು, ದೀಪ ಹಾಕಿ, ಚಪ್ಪಲಿ ಬಿಡುವ ಮೊದಲೇ ಡಬ್ಬಿಗೆ ಕೈ ಹಾಕುತ್ತಿದ್ದೆ. ಎರಡು ಕೋಣೆಯ ಆ ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ.

ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ ನಮ್ಮ ರುಚಿಕೋಣೆ. ಬಿಳಿ ಬಣ್ಣ ಬಳಿದ ಹಲಗೆಗಳ ನಡುವೆ ಮೂರು ಗೂಡು. ಒಂದರಲ್ಲಿ ನಾನು, ಪಕ್ಕದ್ದರಲ್ಲಿ ಮೀಸೆಯವರು, ಅದರಾಚೆ ನಮ್ಮ ಮುಖ್ಯಸ್ಥೆ ದೊಡ್ಡ ಮೇಡಂ. ಎದುರಿನ ಕಿಂಡಿಯಿಂದ ತಟ್ಟೆ ಬರುತ್ತದೆ. ತಟ್ಟೆಯ ಮೇಲೆ ಮೂರಂಕಿಯ ಸಂಖ್ಯೆ ಬಿಟ್ಟರೆ ಏನೂ ಬರೆದಿರುವುದಿಲ್ಲ. ಕಚ್ಚಬೇಕು, ಹದಿನೈದು ಸಲ ಅಗಿಯಬೇಕು, ಸ್ಟೀಲ್ ಲೋಟಕ್ಕೆ ಉಗುಳಬೇಕು, ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ ಹತ್ತಕ್ಕೆ ಎಷ್ಟು ಎಂದು ಬರೆಯಬೇಕು. ಮಾತಾಡುವಂತಿಲ್ಲ, ಸೆಂಟು ಹಾಕಿಕೊಂಡು ಬರುವಂತಿಲ್ಲ. ಇನ್ನೂ ಒಂದು ನಿಯಮವಿದೆ: ರುಚಿಯವರು ಒಟ್ಟಿಗೆ ಊಟ ಮಾಡುವಂತಿಲ್ಲ. ಒಟ್ಟಿಗೆ ಉಂಡರೆ ಮಾತು ಬರುತ್ತದೆ, ಮಾತು ಬಂದರೆ ಅಭಿಪ್ರಾಯ ಒಂದಾಗುತ್ತದೆ, ಮೂರು ನಾಲಿಗೆಯೂ ಒಂದೇ ಆದರೆ ಮೂವರು ಯಾಕೆ ಬೇಕು ಎನ್ನುವುದು ಲೆಕ್ಕಾಚಾರ. ಹಾಗಾಗಿ ಹಿಂದಿನ ಸಣ್ಣ ಕೋಣೆಯ ಒಂದೇ ಮೇಜಿನ ಮುಂದೆ ಮೇಡಂ ಹನ್ನೆರಡೂವರೆಗೆ ಕೂರುತ್ತಾರೆ, ಮೀಸೆಯವರು ಒಂದು ಗಂಟೆಗೆ, ನಾನು ಒಂದೂಮುಕ್ಕಾಲಿಗೆ. ಹತ್ತೊಂಬತ್ತು ವರ್ಷಗಳಿಂದ ಹೀಗೇ.

ಮೀಸೆಯವರಿಗೆ ಮೀಸೆ ಇಲ್ಲ. ಕೂದಲಿಗೆ ಬೆಣ್ಣೆಯ ವಾಸನೆ ಹಿಡಿಯುತ್ತದೆ, ಬೋಳಿಸಿಕೊಂಡು ಬನ್ನಿ ಎಂದು ಮೇಡಂ ಹೇಳಿದ ಮಾರನೆಯ ದಿನದಿಂದ ಅವರಿಗೆ ಆ ಹೆಸರು ಬಂತು.

ಈ ಸಲದ ತಪಾಸಣೆಯಲ್ಲಿ ಡಾಕ್ಟರು ನನ್ನ ಲಿವರ್‌ನಲ್ಲಿ ಕೊಬ್ಬು ಕಟ್ಟಿದೆ, ಸಕ್ಕರೆ ಗಡಿಯ ಮೇಲಿದೆ, ಹನ್ನೊಂದು ಕೆ.ಜಿ. ಇಳಿಸಲೇಬೇಕು ಎಂದರು. ಇಳಿಸುವ ದಾರಿ ತೋರಿಸಲು ಆಹಾರ ತಜ್ಞೆಯ ಬಳಿಗೆ ಕಳಿಸಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಆ ಹುಡುಗಿ ದಿನಕ್ಕೆ ಹದಿನಾಲ್ಕು ನೂರು ಕ್ಯಾಲೊರಿಯ ಚಾರ್ಟು ಬರೆದುಕೊಟ್ಟಳು. ಬೆಳಿಗ್ಗೆ ನಾನೂರು, ಮಧ್ಯಾಹ್ನ ಐನೂರು, ಉಳಿದದ್ದು ಸಂಜೆಗೆ.

ನಾನು ಅದರಲ್ಲಿ ನನ್ನದೊಂದು ಜಾಣತನ ಸೇರಿಸಿದೆ. ಬೆಳಿಗ್ಗೆ ಅರ್ಧ ತುಂಡು ಬ್ರೆಡ್ಡು, ಹಾಲಿಲ್ಲದ ಚಹಾ ಅಷ್ಟೇ. ಮಿಕ್ಕಿದ್ದನ್ನೆಲ್ಲ ಸಂಜೆಗೆ ಉಳಿಸಿಕೊಂಡೆ. ಬೆಳಗಿನ ಹಸಿವನ್ನು ಬಸ್ಸಿನ ಗದ್ದಲದಲ್ಲಿ ಹೇಗೋ ಮರೆಸಬಹುದು. ಸಂಜೆಯ ಹಸಿವು ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತದೆ.

ಪಥ್ಯದ ಮೂರನೆಯ ವಾರ, ಮಂಗಳವಾರ ಹತ್ತೂವರೆಗೆ, ೪೧೭ ಎಂಬ ತಟ್ಟೆ ಬಂತು. ನಾನು ಒಂಬತ್ತು ಬರೆದೆ. 'ಬೆಣ್ಣೆಯ ಘಮ ಚೆನ್ನಾಗಿದೆ' ಎಂದೂ ಬರೆದೆ. ಮೀಸೆಯವರು ಎರಡು ಕೊಟ್ಟಿದ್ದರು, ಮೇಡಂ ಮೂರು. ಕೊಬ್ಬು ಹಳತಾಗಿ ಕಮಟು ಹಿಡಿದಿತ್ತು. ಇಬ್ಬರು ಬೇಡವೆಂದದ್ದರಿಂದ ಬ್ಯಾಚು ಗೇಟು ದಾಟಲಿಲ್ಲ. ನನ್ನನ್ನು ಮೇಡಂ ಒಳಗೆ ಕರೆದರು.

"ಶೀತ ಆಗಿದೆಯಾ?"

"ಇಲ್ಲ ಮೇಡಂ."

"ಹೊಸ ಮಾತ್ರೆ ಏನಾದ್ರೂ?"

"ಇಲ್ಲ."

"ಮತ್ತೆ ಕಮಟಿಗೆ ಒಂಬತ್ತು ಹೇಗೆ ಕೊಟ್ರಿ? ದಾರೀಲಿ ಹೋಗೋರ ಬಾಯಿಗೆ ಹಾಕಿದ್ರೂ ಮುಖ ಹಿಂಡ್ತಿದ್ರು."

ನಾನು ಮೇಜಿನ ಮೇಲಿದ್ದ ನನ್ನದೇ ಅಕ್ಷರ ನೋಡುತ್ತ ನಿಂತೆ.

"ಮುಂದಿನ ವಾರ ಶುಕ್ರವಾರ ಪರೀಕ್ಷೆ ಇಡ್ತೀನಿ. ಹನ್ನೆರಡು ಸುತ್ತು. ಒಂಬತ್ತು ಸರಿ ಬರಬೇಕು. ಬರದಿದ್ರೆ ಕೆಳಗೆ ಲೇಬಲ್ ವಿಭಾಗದಲ್ಲಿ ಒಂದು ಜಾಗ ಖಾಲಿ ಇದೆ. ಬೇಜಾರು ಮಾಡ್ಕೋಬೇಡಿ. ಇದು ನಾಲಿಗೆ ವಿಷ್ಯ, ನಿಮ್ಮ ವಿಷ್ಯ ಅಲ್ಲ."

ನಾಲಿಗೆ ಬಿಟ್ಟರೆ ನನ್ನದು ಅಂತ ಬೇರೇನಿದೆ ಎಂದು ಕೇಳಬೇಕೆನಿಸಿತು.

ಇನ್ನೊಂದನ್ನೂ ಹೇಳಲಿಲ್ಲ. ಆ ಬಿಸ್ಕತ್ತನ್ನು ನಾನು ಉಗುಳಿರಲಿಲ್ಲ. ನುಂಗಿದ್ದೆ. ನುಂಗಿ, ತಟ್ಟೆಯ ಎರಡನೆಯ ತುಂಡನ್ನೂ ತಿಂದಿದ್ದೆ. ಹಸಿವು ರುಚಿ ಅರಿಯದು ಎಂಬ ಗಾದೆ ಚಿಕ್ಕಂದಿನಿಂದ ಕೇಳಿದ್ದು. ಅದು ನನ್ನ ಕುರ್ಚಿಗೇ ಬಂದು ತಗಲಿಕೊಳ್ಳುತ್ತದೆಂದು ತಿಳಿದಿರಲಿಲ್ಲ. ಹಸಿದಿದ್ದೆ ಎಂದು ಒಪ್ಪಿಕೊಂಡರೆ ಪಥ್ಯದವಳಿಗೆ ರುಚಿಕೋಣೆ ಬೇಡ ಎಂದು ಅವತ್ತೇ ಕೆಳಗೆ ಕಳಿಸುತ್ತಿದ್ದರು. ಪಥ್ಯ ಬಿಡೋಣವೆಂದರೆ ಡಾಕ್ಟರ ಮಾತು ಕಿವಿಯಲ್ಲಿತ್ತು. ಹದಿನಾಲ್ಕು ನೂರು ದಾಟಬಾರದು, ಹತ್ತೂವರೆಗೆ ಹೊಟ್ಟೆ ಖಾಲಿ ಇರಬಾರದು. ಹತ್ತು ದಿನದಲ್ಲಿ ನಾನು ಕಲಿಯಬೇಕಾಗಿದ್ದು ಅಷ್ಟೇ.

ಮರುದಿನವೇ ರಜೆ ಹಾಕಿ ತಜ್ಞೆಯ ಬಳಿ ಹೋದೆ.

"ಹಸಿವಾಗ್ತಿದೆಯಾ ಆಂಟಿ?"

"ಹಾಗೇನಿಲ್ಲ."

ಅವಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ನಾನು ಸಂಜೆಗೆ ಉಳಿಸಿಕೊಳ್ಳುವ ಜಾಣತನ ಹೇಳಿದೆ.

"ಅಯ್ಯೋ, ಹೊಟ್ಟೆ ಏನು ಬೀರುವೇ, ಬೆಳಿಗ್ಗೇದು ಎತ್ತಿಟ್ಟು ಸಂಜೆ ತೆಗೆಯೋಕೆ? ಬೆಳಿಗ್ಗೆ ಎರಡು ಮೊಟ್ಟೆ ತಿನ್ನಿ. ಬೇಯಿಸಿದ ಕಾಳು ತಿನ್ನಿ. ಮಧ್ಯಾಹ್ನ ಮೊದಲು ಒಂದು ದೊಡ್ಡ ಬೋಗುಣಿ ತರಕಾರಿ, ಆಮೇಲೆ ಅನ್ನ. ನೀರಿರೋದು, ನಾರಿರೋದು ಜಾಸ್ತಿ ಇದ್ರೆ ಕಡಿಮೆ ಕ್ಯಾಲೊರೀಲೂ ಹೊಟ್ಟೆ ತುಂಬುತ್ತೆ. ಎಷ್ಟು ಹೊತ್ತು ಊಟ ಮಾಡ್ತೀರ?"

"ಆರು ನಿಮಿಷ."

"ಕೂತು?"

"ಮನೇಲಾದ್ರೆ ನಿಂತು."

"ಇಪ್ಪತ್ತು ಮಾಡಿ, ಕೂತು. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟೋಕೆ ಅಷ್ಟು ಹೊತ್ತು ಬೇಕು."

"ಒಬ್ಬಳೇ ಕೂತು ಇಪ್ಪತ್ತು ನಿಮಿಷ ಏನು ಮಾಡ್ಲಿ?"

ಅವಳು ಚಾರ್ಟಿನ ಕಡೆ ನೋಡಿದಳು. "ನಿಧಾನವಾಗಿ ಅಗೀರಿ ಆಂಟಿ" ಎಂದಳು.

ಅಗಿಯುವುದು ನನಗೆ ಯಾರೂ ಕಲಿಸಬೇಕಾಗಿಲ್ಲ. ಮನೆಗೆ ಬಂದು, ಕಿಟಕಿಯ ಮೇಲಿದ್ದ, ತಿರುಗಿಸಿಟ್ಟರೆ ಹೊತ್ತಿಗೆ ಸರಿಯಾಗಿ ಹೊಡೆಯುವ ಅಡುಗೆಯ ಗಡಿಯಾರಕ್ಕೆ ಇಪ್ಪತ್ತು ನಿಮಿಷ ಕೊಟ್ಟು ಮೇಜಿಗೆ ಕೂತೆ. ಗೋಡೆ, ಅದರ ಮೇಲೆ ಹಳೆಯ ಮೊಳೆಯ ತೂತು, ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದ ಸದ್ದು. ಒಂಬತ್ತನೆಯ ನಿಮಿಷಕ್ಕೆ ತಟ್ಟೆ ಖಾಲಿ. ಇನ್ನು ಹನ್ನೊಂದು ನಿಮಿಷ ಖಾಲಿ ತಟ್ಟೆಯ ಜೊತೆ ಕೂತಿದ್ದೆ.

ಎರಡನೆಯ ದಿನ ಕಾರ್ಖಾನೆಯ ಖಾಲಿ ಫಾರಂ ಒಂದನ್ನು ತಂದು ತಟ್ಟೆಯ ಪಕ್ಕ ಇಟ್ಟುಕೊಂಡೆ. ಕ್ಯಾರೆಟ್ಟು: ಗರಿಮುರಿ ಏಳು, ಸಿಹಿ ಐದು. ಸೌತೆಕಾಯಿ: ತುದಿಯಲ್ಲಿ ಕಹಿ, ನಾಲ್ಕು. ಮೊಟ್ಟೆ: ಹಳದಿ ಸ್ವಲ್ಪ ಒಣಗಿದೆ, ಆರು. ಪ್ರತಿ ತುತ್ತಿಗೂ ಬರೆಯಬೇಕಾದ್ದರಿಂದ ಊಟ ತಾನಾಗಿ ನಿಧಾನವಾಯಿತು. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎದ್ದು ಹಾಗೇ ತಿಂದೆ. ಐದನೆಯ ದಿನ, ಹದಿನಾಲ್ಕನೆಯ ನಿಮಿಷದಲ್ಲಿ, ಸಾಕು ಎಂದು ಹೊಟ್ಟೆ ಹೇಳಿದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಎಷ್ಟೋ ವರ್ಷಗಳಿಂದ ಅದು ಹೇಳುತ್ತಲೇ ಇದ್ದಿರಬೇಕು. ಅಷ್ಟರಲ್ಲಿ ನಾನು ತಟ್ಟೆ ತೊಳೆದು ಮುಗಿಸಿರುತ್ತಿದ್ದೆ.

ಫಾರಂನ ಕೊನೆಯಲ್ಲಿ ಸ್ಕೇಲಿಟ್ಟು ಎರಡು ಹೊಸ ಕಲಂ ಎಳೆದೆ. ಒಂದು 'ಹೊಟ್ಟೆ', ಇನ್ನೊಂದು 'ತೃಪ್ತಿ'. ಹೊಟ್ಟೆಗೆ ದಿನವೂ ಎಂಟು, ಕೆಲವೊಮ್ಮೆ ಒಂಬತ್ತು ಬಂತು. ತೃಪ್ತಿ ಮಾತ್ರ ನಾಲ್ಕು ದಾಟಲಿಲ್ಲ. ಉಪ್ಪು ಕಡಿಮೆಯಿರಬಹುದೇ ಎಂದು ನಿಂಬೆರಸ ಹಿಂಡಿದೆ, ಕಾಳುಮೆಣಸು ಹಾಕಿದೆ. ನಾಲ್ಕೇ.

ಭಾನುವಾರ ಅಕ್ಕ ಫೋನು ಮಾಡಿದಳು. "ಊಟ ಆಯ್ತೇನೇ?"

"ಈಗ ಕೂತೆ. ನೀನು ಮಾತಾಡು, ನಾನು ತಿಂತೀನಿ."

"ಏನು ತಿಂತೀಯ, ಮೇಕೆ ಹಾಗೆ ಸೊಪ್ಪು ತಾನೇ? ಗಾಳಿ ಬಂದಾಗ ಕಲ್ಲು ಕಟ್ಕೊಂಡು ಓಡಾಡು, ಹಾರಿಹೋದೀಯ."

ನಾನು ನಕ್ಕೆ. ಬೋಗುಣಿಯಿಂದ ಮೊದಲ ತುತ್ತು ತೆಗೆದುಕೊಂಡೆ. ಆಚೆಯಿಂದ ಮೊಮ್ಮಕ್ಕಳ ಕಿತ್ತಾಟ ಕೇಳಿಸಿತು. "ತಾಳು, ಒಬ್ಬ ಇನ್ನೊಬ್ಬನ ಕಿವಿ ಕಚ್ತಿದಾನೆ, ಆಮೇಲೆ ಮಾಡ್ತೀನಿ" ಎಂದು ಇಟ್ಟಳು. ಮಾತಾಡಿದ್ದು ಎರಡು ನಿಮಿಷ. ಗಡಿಯಾರದಲ್ಲಿ ಹದಿನೆಂಟು ಉಳಿದಿತ್ತು. ಆಮೇಲೆ ಅವಳು ಮಾಡಲಿಲ್ಲ. ಮಾಡುವುದಿಲ್ಲವೆಂದು ನನಗೂ ಗೊತ್ತಿತ್ತು, ಆದರೂ ಫೋನನ್ನು ಅಂಗಾತ ಇಟ್ಟುಕೊಂಡೇ ಉಂಡೆ.

ಪರೀಕ್ಷೆಗೆ ಎರಡು ದಿನ ಮೊದಲು, ಊಟದ ಹೊತ್ತಿಗೆ ನೀರಿಗೆಂದು ಕೆಳಗಿಳಿದಾಗ ಲೇಬಲ್ ವಿಭಾಗದ ಬಾಗಿಲು ತೆರೆದಿತ್ತು. ಉದ್ದನೆಯ ಮೇಜು, ಹದಿನಾಲ್ಕು ಹೆಂಗಸರು, ಒಬ್ಬರ ಡಬ್ಬಿಯಲ್ಲಿ ಇನ್ನೊಬ್ಬರ ಕೈ. ಸೈರನ್ ಎಂದು ಎಲ್ಲರೂ ಕರೆಯುವ, ಜೋರುನಗೆಯ ಹೆಂಗಸು ನನ್ನನ್ನು ಕಂಡಳು.

"ನಾಲಿಗೆ ಮೇಡಂ, ಬನ್ನಿ ಕೂತ್ಕೊಳ್ಳಿ. ಏ, ಸ್ವಲ್ಪ ಸರಿಯೇ, ಇಬ್ಬರ ಜಾಗ ಹಿಡ್ಕೊಂಡಿದೀಯ."

"ಅವರಿಗೂ ಇಬ್ಬರ ಜಾಗ ಬೇಕಲ್ಲೇ" ಎಂದಳು ಪಕ್ಕದವಳು, ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ನಕ್ಕರು. ನನಗೂ ನಗು ಬಂತು. ಕೆಲಸವಿದೆ ಎಂದೆ. ಬಾಟಲಿ ತುಂಬುವವರೆಗೆ ಅವರ ಮಾತು ಕೇಳುತ್ತ ನಿಂತಿದ್ದೆ. ಯಾರದೋ ಸೊಸೆಯ ಸುದ್ದಿ, ಯಾರದೋ ಮಂಡಿನೋವು. ಅವರ ಊಟ ನಲವತ್ತು ನಿಮಿಷ ಹಿಡಿಯುತ್ತದಂತೆ. ಗಡಿಯಾರ ಬೇಕಾಗುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಎರಡು ಮೊಟ್ಟೆ, ಒಂದು ಬಟ್ಟಲು ಕಾಳು, ಒಂದು ಸೇಬು. ಇಪ್ಪತ್ತು ನಿಮಿಷ. ಹೊಟ್ಟೆ ಎಂಟು.

ಹತ್ತೂವರೆಗೆ ಕಿಂಡಿ ತೆರೆಯಿತು. ಒಂದೊಂದು ಸುತ್ತಿಗೆ ಮೂರು ತುಂಡು. ಎರಡು ಒಂದೇ ಬ್ಯಾಚಿನವು, ಒಂದು ಬೇರೆ. ಬೇರೆಯದನ್ನು ಹುಡುಕಬೇಕು. ಪಕ್ಕದ ಗೂಡಿನಲ್ಲಿ ಮೀಸೆಯವರು ಅವತ್ತಿನ ಮಾಮೂಲಿ ತಟ್ಟೆಗಳನ್ನು ನೋಡುತ್ತಿದ್ದರು. ಮೊದಲ ಆರು ಸುತ್ತು ಸಲೀಸಾಗಿ ಹೋದವು. ಹೊಟ್ಟೆ ಸುಮ್ಮನಿದ್ದರೆ ನಾಲಿಗೆ ಎಷ್ಟು ಚುರುಕು ಎಂದು ನನಗೇ ಆಶ್ಚರ್ಯವಾಯಿತು.

ಏಳನೆಯದರಲ್ಲಿ ಕಮಟು ಇತ್ತು. ಎಳ್ಳಷ್ಟು, ಆದರೆ ಇತ್ತು. ಮಧ್ಯದ ತುಂಡು.

ಪೆನ್ನು ಹಿಡಿದು ನಿಲ್ಲಿಸಿದೆ. ನಾಲ್ಕನ್ನು ತಪ್ಪು ಬರೆದರೆ ಸಾಕು. ಏಳು, ಎಂಟು, ಒಂಬತ್ತು, ಹತ್ತು. ಸೋಮವಾರದಿಂದ ಆ ಉದ್ದ ಮೇಜಿನಲ್ಲಿ ಯಾರೋ ನನಗಾಗಿ ಸರಿದು ಕೂರುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ನಾಲಿಗೆ ಕೆಟ್ಟಿತು ಪಾಪ ಎನ್ನುತ್ತಾರೆ.

ಅಲ್ಲೇ ನನ್ನ ಯೋಚನೆ ನಿಂತಿತು. ನಾಲಿಗೆ ಕೆಟ್ಟಿರಲಿಲ್ಲ. ಆ ಮಂಗಳವಾರ ಕೂಡ ಕೆಟ್ಟಿರಲಿಲ್ಲ, ನಾನು ಅದರ ಮಾತು ಕೇಳಲಿಲ್ಲ ಅಷ್ಟೆ. ಹತ್ತೊಂಬತ್ತು ವರ್ಷ ನನ್ನ ಜೊತೆ ಬಿಡದೆ ಇದ್ದದ್ದು ಅದೊಂದೇ. ಅದರ ಮೇಲೆ ಸುಳ್ಳು ಹೊರಿಸಲು ಮನಸ್ಸು ಬರಲಿಲ್ಲ. ಮಧ್ಯದ್ದು ಎಂದು ಬರೆದೆ.

ಹನ್ನೆರಡಕ್ಕೆ ಹನ್ನೊಂದು ಸರಿ ಬಂತು. "ಎಂಟನೇದು ತಪ್ಪಿದೆ, ಅದು ನನಗೂ ಒಮ್ಮೊಮ್ಮೆ ತಪ್ಪುತ್ತೆ" ಎಂದರು ಮೇಡಂ. "ಹೋಗಿ, ಊಟದ ಹೊತ್ತು ಒಂದೂಮುಕ್ಕಾಲೇ, ನೆನಪಿರಲಿ." ಮರೆಯುವುದಕ್ಕೆ ಅದೇನು ಹೊಸದೇ.

ಒಂದೂಮುಕ್ಕಾಲಿಗೆ ಸಣ್ಣ ಕೋಣೆಯಲ್ಲಿ, ಮನೆಯಿಂದ ತಂದಿದ್ದ ಗಡಿಯಾರ ತಿರುಗಿಸಿ ಡಬ್ಬಿ ತೆರೆದೆ. ಎಲೆಕೋಸು, ಬೀನ್ಸು, ಕಾಳು, ಒಂದು ಹಿಡಿ ಅನ್ನ. ನಾಲ್ಕನೆಯ ತುತ್ತಿಗೆ ಬಾಗಿಲಲ್ಲಿ ಮೀಸೆಯವರು ಬಂದು ನಿಂತರು. ಹೊಸಿಲು ದಾಟಲಿಲ್ಲ.

"ಮೂವತ್ತಾರು ಸಲ" ಎಂದರು.

"ಏನು?"

"ಇವತ್ತು ನೀವು ಉಗುಳಿದ್ದು. ಎಣಿಸಿದೆ."

ನಾನು ಚಮಚ ಕೆಳಗಿಟ್ಟೆ.

"ಆ ಮಂಗಳವಾರ ಒಂದು ತಟ್ಟೆಗೆ ಸದ್ದೇ ಬರಲಿಲ್ಲ. ಹತ್ತೊಂಬತ್ತು ವರ್ಷದಿಂದ ಆ ಹಲಗೆ ಪಕ್ಕ ಕೂತಿದೀನಿ ಅಮ್ಮಾವ್ರೇ, ನಿಮ್ಮ ಮುಖಕ್ಕಿಂತ ನಿಮ್ಮ ಉಗುಳು ಚೆನ್ನಾಗಿ ಪರಿಚಯ."

"ಮೇಡಂಗೆ ಹೇಳ್ಲಿಲ್ಲವಾ?"

"ಏನಂತ ಹೇಳೋದು, ಹಸಿದೋರು ತಿಂದ್ರು ಅಂತಲಾ?" ಅವರು ಇಲ್ಲದ ಮೀಸೆಯ ಜಾಗವನ್ನು ಒಮ್ಮೆ ಸವರಿಕೊಂಡರು. "ಅದೇನು ಬರೀತಿದೀರ?"

ಫಾರಂ ತೋರಿಸಿದೆ. ದೂರದಿಂದಲೇ ಕಣ್ಣು ಕಿರಿದು ಮಾಡಿ ಓದಿದರು. "ಎಲೆಕೋಸಿಗೆ ಐದೇ? ಬಡಪಾಯಿ. ಕಾರ್ಖಾನೆ ಬಿಸ್ಕತ್ತಿಗಿಂತ ಕಷ್ಟದ ಪರೀಕ್ಷೆ ಇದು." ಆಮೇಲೆ ತಾವು ರಾತ್ರಿ ಊಟಕ್ಕೆ ಕೂತಾಗ ರೇಡಿಯೊ ಹಾಕಿಕೊಳ್ಳುವುದನ್ನು ಹೇಳಿದರು. ಯಾವ ಕಾರ್ಯಕ್ರಮ ಎಂದು ಗಮನವಿರುವುದಿಲ್ಲವಂತೆ. ಒಂದು ಸಲ ಪೂರ್ತಿ ಅರ್ಧ ಗಂಟೆ ಹಂದಿ ಸಾಕಣೆಯ ಬಗ್ಗೆ ಕೇಳಿದ್ದರಂತೆ. ಹಂದಿಗೆ ಯಾವಾಗ ಹೊಟ್ಟೆ ತುಂಬುತ್ತದೆಂದು ಬೇಕಾದರೆ ಕೇಳಿ, ಹೇಳುತ್ತೇನೆ ಎಂದರು. ನಾನು ಕೇಳಿದೆ. ಹೇಳಿದರು.

ಅಷ್ಟರಲ್ಲಿ ಎರಡು ಗಂಟೆಯ ತಟ್ಟೆಗೆ ಅವರ ಗೂಡಿನ ಗಂಟೆ ಹೊಡೆಯಿತು. "ಒಟ್ಟಿಗೆ ಉಣ್ಣಬಾರದು ಅಂತಿದೆ, ನಿಂತ್ಕೊಂಡು ಮಾತಾಡಬಾರದು ಅಂತ ಎಲ್ಲೂ ಬರೆದಿಲ್ಲ. ನಾನು ಓದಿ ನೋಡಿದೀನಿ" ಎಂದು ಹೊರಟುಹೋದರು.

ಅವರು ಯಾವತ್ತು ಓದಿ ನೋಡಿದ್ದರು, ಯಾಕೆ ನೋಡಿದ್ದರು ಎಂದು ಯೋಚಿಸುತ್ತ ಒಂದು ತುತ್ತಿನ ಲೆಕ್ಕ ತಪ್ಪಿತು, ಅದಕ್ಕೆ ಅಂಕ ಬರೆಯಲಿಲ್ಲ. ಗಡಿಯಾರದಲ್ಲಿ ಇನ್ನೂ ಐದು ನಿಮಿಷವಿತ್ತು. ತೆರೆದ ಬಾಗಿಲಿನಾಚೆ ಅವರು ಮೊದಲ ತುಂಡು ಅಗಿದು ಉಗುಳಿದ್ದು ಕೇಳಿಸಿತು, ಆಮೇಲೆ ಬಾಯಿ ಮುಕ್ಕಳಿಸಿದ್ದು. ನಾನು ಕಾಳನ್ನು ನಿಧಾನವಾಗಿ ಅಗಿದು ನುಂಗಿದೆ. ಹೊಟ್ಟೆಗೆ ಎಂಟು ಬರೆದೆ. ತೃಪ್ತಿಯ ಕಲಂನಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ ಐದು ಬರೆದೆ. ಅರ್ಧ ಅಂಕ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಗಡಿಯಾರ ಹೊಡೆಯುವವರೆಗೂ ಎದ್ದೇಳಲಿಲ್ಲ.